ಬಂಗಾರಿಯ ಚೊಚ್ಚಲ ಬಾಣಂತನ

ಚೊಚ್ಚಲ ಬಾಣಂತನ ತವರುಮನೇಲೇ ಆಗ್ಬೇಕು. ಇದು ನಾನು ಹೊಸದಾಗಿ ಹುಟ್ಟಿಸಿದ ಕಾನೂನಲ್ಲ ನೋಡ್ರಿ, ದಾವಣಗೆರೇಲಿ ಯಾರನ್ನ ಬೇಕಾದ್ರೂ ಕೇಳ್ರಿ, ಇದನ್ನೇ ಹೇಳ್ತಾರೆ. ಹುಡುಗಿ ಮನುಷ್ಯಳಾದ್ರೆ ಒಂದು ನ್ಯಾಯ, ಮೀನಾದ್ರೆ ಇನ್ನೊಂದು ನ್ಯಾಯ ಅಂತ ಎಲ್ಲಾದ್ರೂ ಐತಾ? ಇದನ್ನೇ ನಾನು ಹರಿಹರಕ್ಕೆ ಹೋಗಿ, ಹುಮಾನ ನಡುಮನೇಲಿ ನಿಂತು, ಸೊಂಟಕ್ಕೆ ಕೈ ಇಟ್ಕೊಂಡು ಕೇಳಿದೆ.

"ಭವ್ಯಾ, ಮೊದ್ಲು ಕೂತ್ಕೊಳೇ. ಚಾ ಕುಡಿ," ಅಂದ್ಲು ಹುಮಾ.

"ಚಾ ಬ್ಯಾಡ ನಂಗೆ. ನನ್ನ ಮಗಳನ್ನ ಕಳ್ಸು."

ಮಗಳು ಅಂದ್ರೆ ಬಂಗಾರಿ. ಡಿಸ್ಕಸ್ ಮೀನು. ನೋಡಿಲ್ಲ ಅಂದ್ರೆ ಹೇಳ್ತೀನಿ ಕೇಳ್ರಿ: ಸಣ್ಣದೊಂದು ರೊಟ್ಟಿ ತಟ್ಟಿ ನೀರಲ್ಲಿ ನೆಟ್ಟಗೆ ನಿಲ್ಲಿಸಿದಂಗೆ ಇರ್ತಾಳೆ. ದುಂಡಗೆ, ಚಪ್ಪಟೆ, ಮೈಯೆಲ್ಲಾ ಅರಿಶಿಣ. ಎಂಟಾಣೆ ಬಿಲ್ಲೆಯಷ್ಟಿದ್ದಾಗ ತಂದು ಸಾಕಿದ್ದು ನಾನು. ದಿನಾ ನೀರು ಬದಲಾಯಿಸಿ, ಚಳಿಯಾಗದಂಗೆ ಹೀಟರ್ ಹಾಕಿ, ಕರೆಂಟ್ ಹೋದ್ರೆ ತೊಟ್ಟಿಗೆ ಕಂಬಳಿ ಹೊದಿಸಿ ಸಾಕೀನಿ. ನಮ್ಮ ಮನೆಯವರಿಗೆ ಜ್ವರ ಬಂದಾಗ ಅಷ್ಟು ಸಲ ಹೋಗಿ ಹಣೆ ಮುಟ್ಟಿ ನೋಡಿಲ್ಲ. ಅದನ್ನ ಅವರು ಇವತ್ತಿಗೂ ಆಡಿ ತೋರಿಸ್ತಾರೆ.

ಹುಮಾ ಹೆಂಗೆ ಗಂಟುಬಿದ್ಲು ಅಂತ ಹೇಳ್ಬಿಡ್ತೀನಿ. ನಂದು ವಿನೋಬನಗರದಲ್ಲಿ ಸಣ್ಣದೊಂದು ಫ್ಯಾನ್ಸಿ ಸ್ಟೋರ್. ಮುಂದೆ ಅಂಗಡಿ, ಹಿಂದೆ ಮನೆ. ಬಳೆ, ಕ್ಲಿಪ್ಪು, ರಿಬ್ಬನ್ನು ತರೋಕೆ ಮಂಡಿಪೇಟೆಗೆ ಹೋದಾಗೆಲ್ಲಾ ಅಲ್ಲೇ ಹತ್ತಿರದ ಮೀನಿನಂಗಡಿಗೆ ಇಣುಕೋದು ನನ್ನ ಚಟ. ಒಂದಿನ ಅಲ್ಲಿ ಮೀನಿಗೆ ಹಾಕೋ ಹುಳದ ಪ್ಯಾಕೆಟ್ ಒಂದೇ ಉಳಿದಿತ್ತು. ಅದಕ್ಕೆ ನಾನೂ ಕೈ ಹಾಕಿದೆ, ಬುರ್ಖಾ ಹಾಕಿದ ಒಬ್ಬಳೂ ಕೈ ಹಾಕಿದ್ಲು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ನಾನು ಜೋರಾಗಿ ಬೈದೆ, ಅವಳು ಮೆತ್ತಗೆ ಬೈದ್ಲು. ಕೊನೆಗೆ, "ನನ್ನ ಹತ್ರ ಡಿಸ್ಕಸ್ ಐತ್ರಿ, ಅದಕ್ಕೆ ಬೇಕೇ ಬೇಕು," ಅಂದೆ. "ನನ್ನ ಹತ್ರನೂ ಡಿಸ್ಕಸ್ಸೇ ಇರೋದು," ಅಂದ್ಲು. ನಂದು ಹೆಣ್ಣು, ಅವಳದು ಗಂಡು. ಜಗಳ ಅಲ್ಲೇ ಮುಗೀತು, ಸಂಬಂಧ ಕುದುರಿತು!

ಗಂಡಿನ ಹೆಸರು ನವಾಬ. ಕೆನೆಬಣ್ಣದ ಮೈ, ಮೇಲೆ ತೆಳು ಕೆಂಪು ಗೆರೆ, ನಡಿಗೆ ಮಾತ್ರ ಹೆಸರಿಗೆ ತಕ್ಕಂಗೆ. ಹೆಣ್ಣನ್ನ ಗಂಡಿನ ಮನೆಗೆ ಕಳಿಸೋದು ಪದ್ಧತಿ, ಬಂಗಾರಿನ ಹರಿಹರಕ್ಕೆ ಕಳಿಸಿದೆ. ಅವತ್ತಿಂದ ನಾನೂ ಹುಮಾನೂ ಬೀಗಿತ್ತಿಯರು. ಮೀನು ಎರಡೂ ಚೆನ್ನಾಗಿ ಹೊಂದ್ಕೊಂಡವು, ಮೊಟ್ಟೆನೂ ಇಟ್ಟವು. ಆದ್ರೆ ಇಟ್ಟ ಮೊಟ್ಟೆನೆಲ್ಲಾ ತಾವೇ ತಿಂದು ಬಾಯಿ ಒರೆಸ್ಕೊಂಡವು. ಮತ್ತೆ ಇಟ್ಟವು, ಮತ್ತೆ ತಿಂದವು. ಹುಮಾನ ಮನೆ ಹೈವೇ ಪಕ್ಕ. ಲಾರಿ ಹೋದಾಗೆಲ್ಲಾ ತೊಟ್ಟಿ ನೀರು ಗಡಗಡ ಅನ್ನುತ್ತೆ. ಬಸುರಿ ಹೆಂಗಸನ್ನ ಲಾರಿ ಸ್ಟ್ಯಾಂಡಲ್ಲಿ ಕೂರಿಸಿದ್ರೆ ಏನಾಗುತ್ತೆ, ನೀವೇ ಹೇಳ್ರಿ.

ಅದಕ್ಕೇ ನಾನು ಬಾಣಂತನದ ಮಾತು ತೆಗೆದಿದ್ದು. ಹುಮಾ ಚಾ ಲೋಟ ಕೆಳಗಿಟ್ಟು ಹೇಳಿದ್ಲು, "ಕಳಿಸ್ತೀನಿ. ನವಾಬನ್ನೂ ಕಳಿಸ್ತೀನಿ. ಮರಿ ಉಳಿದ್ರೆ ಜೋಡಿ ನಿನ್ನ ಹತ್ರನೇ ಇರ್ಲಿ, ನಂಗೆ ಅರ್ಧ ಮರಿ ಕೊಡು ಸಾಕು. ಉಳೀಲಿಲ್ಲ ಅಂದ್ರೆ ಇಬ್ಬರೂ ವಾಪಸ್ ಹರಿಹರಕ್ಕೆ. ಆಮೇಲೆ ನೀನು ತವರು, ಬಾಣಂತನ ಅಂತ ಬಾಯಿ ತೆಗೀಬಾರ್ದು. ಒಪ್ಪಿಗೆನಾ?"

ಉಳೀಲಿಲ್ಲ ಅಂದ್ರೆ ಬಂಗಾರಿ ಇನ್ನು ನನ್ನವಳಲ್ಲ. ಆದ್ರೂ ಬಾಯಿ ನನ್ನ ಮಾತು ಎಲ್ಲಿ ಕೇಳುತ್ತೆ? "ಒಪ್ಪಿಗೆ!" ಅಂದುಬಿಟ್ಟೆ.

ನಮ್ಮ ಮನೆಯವರು ಚೌಡೇಶ್ ಮೋಟರ್ ವೈಂಡಿಂಗ್ ಮಾಡೋರು. ಪರಿಚಯದ ಲಗೇಜ್ ಆಟೋ ಒಂದನ್ನ ಹಿಡ್ಕೊಂಡು ಬಂದ್ರು. ನಮ್ಮ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಡಿಸ್ಕಸ್ ಮೊಟ್ಟೆ ಫಲ ಹಿಡಿಯಲ್ಲ. ಹಂಗಾಗಿ ತುಂಗಭದ್ರೆ ನೀರನ್ನ ಕ್ಯಾನುಗಟ್ಟಲೆ ತುಂಬಿದ್ವಿ. "ಮಗಳನ್ನ ತವರಿಗೆ ಕರ್ಕೊಂಡು ಹೋಗೋದು ಸರಿ, ಕುಡಿಯೋ ನೀರೂ ಗಂಡನ ಮನೇದೇ ಬೇಕಾ?" ಅಂತ ಹುಮಾ ರೇಗಿಸಿದ್ಲು. ಥರ್ಮಾಕೋಲ್ ಬಾಕ್ಸಿಗೆ ಹಸಿರು ಬಳೆ ಎರಡು ಕಟ್ಟಿದ್ಲು, ಕುಬುಸ ಮಾಡಿ ಕಳಿಸಿದ ಲೆಕ್ಕ. ನಾನು ಬಾಕ್ಸನ್ನ ತೊಡೆ ಮೇಲಿಟ್ಕೊಂಡು ಹಿಂದೆ ಕೂತೆ. ದಾರೀಲಿ ಬಾತಿ ಊರಿನ ಹತ್ರ ಹಂಪ್ ಮೇಲೆ ಆಟೋ ಎಗರಿದಾಗ ನಾನು ಡ್ರೈವರಿಗೆ ಬೈದ ಬೈಗುಳ ಬಾತಿ ಗುಡ್ಡಕ್ಕೂ ಕೇಳಿರ್ಬೇಕು.

ಮನೇಲಿ ನಮ್ಮತ್ತೆ ಕಾಳವ್ವ ಬಾಗಿಲಲ್ಲೇ ನಿಂತಿದ್ರು. "ಮೀನಿಗೂ ಬಾಣಂತನವಾ? ನಾಳೆ ಹಲ್ಲಿಗೆ ತೊಟ್ಟಿಲು ಕಟ್ತೀಯಾ?" ಅಂದ್ರು. ಮೊದಲಿಂದಲೂ ಅವರಿಗೂ ನನ್ನ ಮೀನಿಗೂ ಆಗ್ತಿರಲಿಲ್ಲ. ಫ್ರಿಜ್ಜಲ್ಲಿ ಮೊಸರಿನ ಪಕ್ಕ ಹುಳದ ಡಬ್ಬಿ ಇಟ್ಟಿದ್ದೆ ಅಂತ ಒಂದು ವಾರ ಮಜ್ಜಿಗೆ ಮುಟ್ಟಿರಲಿಲ್ಲ ಪುಣ್ಯಾತ್ಗಿತ್ತಿ. ನಾನು ಅವರನ್ನ ದಾಟ್ಕೊಂಡು ಒಳಗೆ ನಡೆದೆ. ತೊಟ್ಟಿಗೆ ನೀರು ತುಂಬಿ, ಮಣ್ಣಿನ ಹೂಕುಂಡ ಒಂದನ್ನ ಬೋರಲು ಹಾಕಿ, ಇಬ್ಬರನ್ನೂ ಒಳಗೆ ಬಿಟ್ಟೆ. ಬಂಗಾರಿ ಒಂದು ಸುತ್ತು ಹಾಕಿ, ಮುಂದಿನ ಗಾಜಿಗೆ ಬಂದು ನನ್ನ ಮುಖ ನೋಡಿದ್ಲು. ನನ್ನ ಕಣ್ಣಲ್ಲಿ ನೀರು ಬಂತು.

ಕೆಲವೇ ದಿನ. ಒಂದು ಮಧ್ಯಾಹ್ನ ಇಬ್ಬರೂ ಕುಂಡದ ಮೈನ ಬಾಯಲ್ಲಿ ಉಜ್ಜಿ ಉಜ್ಜಿ ತೊಳೀತಾ ಇದ್ರು. ನಾನು ಗಿರಾಕಿಗೆ ಬಳೆ ತೊಡಿಸ್ತಿದ್ದೋಳು ಕೈ ಅಲ್ಲೇ ಬಿಟ್ಟು ಓಡಿದೆ. ಬಂಗಾರಿ ಕುಂಡಕ್ಕೆ ಹೊಟ್ಟೆ ತಾಗಿಸಿ ಮೇಲಕ್ಕೆ ಸರಿದ್ಲು, ಹಿಂದೆ ಒಂದು ಸಾಲು ಮೊಟ್ಟೆ. ರಾಗಿಕಾಳಿನಷ್ಟು, ಪಳಪಳ ಅಂತಾವೆ! ನವಾಬ ಅದರ ಹಿಂದೇನೇ. ಇನ್ನೊಂದು ಸಾಲು, ಮತ್ತೊಂದು ಸಾಲು. "ಅತ್ತೇ! ಬರ್ರಿ, ಬರ್ರಿ! ಇಟ್ಲು!" ಅಂತ ನಾನು ಕೂಗಿದ್ದಕ್ಕೆ ನಮ್ಮತ್ತೆ ಯಾರೋ ಬಿದ್ರು ಅಂದ್ಕೊಂಡು ನೀರಿನ ಚೊಂಬು ಹಿಡ್ಕೊಂಡು ಓಡಿಬಂದ್ರು.

ಬಂದೋರು ತೊಟ್ಟಿ ಮುಂದೆ ಕೂತ್ರು. ಕೂತೋರು ಏಳಲೇ ಇಲ್ಲ! ಆ ಎರಡೂ ಸರದಿ ಮೇಲೆ ರೆಕ್ಕೆ ಬೀಸಿ ಮೊಟ್ಟೆಗೆ ಗಾಳಿ ಹಾಕೋದನ್ನ ನೋಡ್ತಾ ನೋಡ್ತಾ ನಮ್ಮತ್ತೆ ಮುಖವೇ ಬದಲಾಯ್ತು. "ಅವನೂ ಬೀಸ್ತಾನಲ್ಲೇ! ನಿಮ್ಮ ಮಾವ ಒಂದಿನಾನೂ ತೊಟ್ಟಿಲು ತೂಗಿದೋರಲ್ಲ," ಅಂದ್ರು. ಆಮೇಲೆ ಅವರದೇ ಆಡಳಿತ. ಅಂಗಡಿಗೆ ಬಂದೋರಿಗೆ "ಬಾಣಂತಿ ಕೋಣೆ, ಮೆಲ್ಲಗೆ ಮಾತಾಡ್ರಿ" ಅನ್ನೋದು. ಚೌಡೇಶ್ ಸುತ್ತಿಗೆ ಎತ್ತಿದ್ರೆ "ಹೊರಗೆ ಹೋಗಿ ಬಡಿ" ಅನ್ನೋದು. ನಾನೂ ಪಿಸುಮಾತಲ್ಲಿ ಬೈಯೋದು ಕಲಿತೆ. ಓಣಿ ತುಂಬಾ ಸುದ್ದಿ ಹಬ್ಬಿತು. ಕ್ಲಿಪ್ಪು ಬೇಕಿಲ್ಲದೋರೂ ಕ್ಲಿಪ್ಪು ಕೇಳೋ ನೆವದಲ್ಲಿ ಬಂದು ಇಣುಕಿ, "ಅಬ್ಬಾ, ಏನ್ ಚಂದ ಅದಾವೆ!" ಅಂತ ಬಾಯಿ ಬಿಟ್ಕೊಂಡು ನಿಲ್ಲೋರು. ಅವರು ಹೋದ ಮೇಲೆ ನಮ್ಮತ್ತೆ ನೆಟಿಕೆ ಮುರಿದು ದೃಷ್ಟಿ ತೆಗೆಯೋರು.

ಈ ಸಲ ಮೊಟ್ಟೆ ತಿನ್ನಲಿಲ್ಲ! ನಾಲ್ಕಾರು ಬಿಳಿ ತಿರುಗಿ ಕೆಟ್ಟವು, ಉಳಿದವು ಹಂಗೇ ಇದ್ದವು. ಆಮೇಲೆ ಒಂದೊಂದು ಮೊಟ್ಟೆಗೂ ಬಾಲ ಬಂತು, ಕುಂಡದ ಮೇಲೆ ಬಾಲಗಳೆಲ್ಲಾ ಪಟಪಟ ಅಲ್ಲಾಡಿದವು. ನಾನು ವಿಡಿಯೋ ಮಾಡಿ ಹುಮಾಗೆ ಕಳಿಸೋದು, ಅವಳು ಫೋನ್ ಮಾಡಿ "ಅಲ್ಲಾ! ಅಲ್ಲಾ!" ಅಂತ ಉಸಿರು ಬಿಡೋದು. "ಹಾರಾಡಬ್ಯಾಡ ಭವ್ಯಾ. ಈಜೋಕೆ ಶುರು ಮಾಡಿದ ಮೇಲೆ ಅಪ್ಪ ಅಮ್ಮನ ಮೈಗೆ ಅಂಟಬೇಕು. ಅಂಟಿದ್ರೇನೇ ಉಳಿಯೋದು," ಅಂತ ಎಚ್ಚರಿಸಿದ್ಲು.

ನಂಗೊತ್ತಿಲ್ವಾ ಅದು? ಡಿಸ್ಕಸ್ ಮರಿ ಬೇರೆ ಏನೂ ತಿನ್ನಲ್ಲ. ಅಪ್ಪ ಅಮ್ಮ ಇಬ್ಬರ ಮೈಮೇಲೂ ಒಂಥರಾ ಲೋಳೆ ಬರುತ್ತೆ, ಮರಿಗೆ ಅದೇ ಎದೆಹಾಲು. ಸಿಗಲಿಲ್ಲ ಅಂದ್ರೆ ಒಂದೆರಡು ದಿನದಲ್ಲಿ ಎಲ್ಲಾ ಖಲಾಸ್.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಲೈಟ್ ಹಾಕಿದೆ. ಕುಂಡ ಖಾಲಿ! ಮರಿಗಳು ಎದ್ದಿದ್ವು, ಈಜ್ತಿದ್ವು. ಖುಷಿಗೆ ಒಂದು ಸಲ ಎಗರಿದೆ. ಎಗರಿದೋಳು ಇಳಿಯೋ ಹೊತ್ತಿಗೆ ಎದೆ ಒಡೀತು. ಮರಿಗಳೆಲ್ಲಾ ಹೋಗಿದ್ದು ಬಂಗಾರಿ ಹತ್ರ ಅಲ್ಲ, ನವಾಬನ ಹತ್ರನೂ ಅಲ್ಲ. ಗೋಡೆ ಕಡೆ ಕೆಳಗಿನ ಮೂಲೇಲಿ, ಬರೀ ಗಾಜಿಗೆ ಮುಖ ಹಚ್ಚಿ ಗುಂಪಾಗಿ ನಡುಗ್ತಾ ನಿಂತಿದ್ವು. ಬಂಗಾರಿ ಹತ್ತಿರ ಹೋಗಿ ನಿಲ್ತಾಳೆ, ಒಂದು ಮರಿನೂ ತಿರುಗಿ ನೋಡಲ್ಲ. ನವಾಬ ಬಾಯಲ್ಲಿ ಮರಿ ಹಿಡ್ಕೊಂಡು ತಂದು ಬಂಗಾರಿ ಪಕ್ಕ ಉಗೀತಾನೆ, ಅದು ಮತ್ತೆ ಮೂಲೆಗೇ ಓಡುತ್ತೆ.

ಏನೇನು ಮಾಡಲಿಲ್ಲ ನಾನು! ಪಂಪು ಕಡಿಮೆ ಮಾಡಿದೆ, ನೀರಿನ ಬಿಸಿ ನೋಡಿದೆ, ಲೈಟ್ ಆರಿಸಿದೆ, ಮತ್ತೆ ಹಾಕಿದೆ. ಚೌಡೇಶ್‌ಗೆ, "ನಿಮ್ಮ ಹಾಳು ಸುತ್ತಿಗೆ ಸದ್ದಿಂದಲೇ ಆಗಿದ್ದು," ಅಂತ ಬೈದೆ. ಪಾಪ, ಅವರು ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ. ಹುಮಾಗೆ ಫೋನ್ ಹಚ್ಚಿ, "ನಿಮ್ಮ ಹುಡುಗನಲ್ಲೇ ಏನೋ ದೋಷ ಐತೆ! ಅವನ ಮೈಯಲ್ಲಿ ಲೋಳೆನೇ ಇಲ್ಲ!" ಅಂದೆ.

"ನನ್ನ ನವಾಬನ ಸುದ್ದಿಗೆ ಬರಬ್ಯಾಡ," ಅಂದ್ಲು ಹುಮಾ. ಅವಳು ಹಂಗೆ ಗಡುಸಾಗಿ ಮಾತಾಡಿದ್ದು ಅದೇ ಮೊದಲು. "ನಿನ್ನ ಮಗಳಿಗೆ ತಾಯ್ತನ ಗೊತ್ತಿಲ್ಲ ಅನ್ಸುತ್ತೆ. ಮುಟ್ಟಬ್ಯಾಡ ಏನೂ, ನಾನು ಬಸ್ ಹತ್ತೀನಿ."

ಬಂದ್ಲು. ಬುರ್ಖಾ ಕಳಚಿ ಬಾಗಿಲ ಗೂಟಕ್ಕೆ ಹಾಕಿದೋಳೇ ತೊಟ್ಟಿ ಮುಂದೆ ಮಂಡಿ ಊರಿದ್ಲು. ತುಂಬಾ ಹೊತ್ತು ನೋಡಿದ್ಲು. ಮರಿಗಳ ಹೊಟ್ಟೆ ಸೂಜಿಯಷ್ಟು ಸಣ್ಣ ಆಗಿತ್ತು, ಒಂದೆರಡು ಆಗಲೇ ತಳ ಸೇರಿದ್ವು. "ಸಂಜೆ ತನಕ ನೋಡೋಣ," ಅಂದ್ಲು. ಆಮೇಲೆ ನನ್ನ ಮುಖ ನೋಡ್ದೇನೇ, "ಷರತ್ತು ನೆನಪೈತಲ್ಲ?" ಅಂದ್ಲು.

ನಂಗೆ ಮೈಯೆಲ್ಲಾ ಉರಿದು ಹೋಯ್ತು. "ಮರಿ ಸಾಯ್ತಾ ಅದಾವೆ, ನಿಂಗೆ ಷರತ್ತಿನ ಚಿಂತೆ! ಕರ್ಕೊಂಡು ಹೋಗೋಕೇ ಬಂದಿದೀಯಾ? ಬಾಕ್ಸ್ ಬೇರೆ ತಂದಿದೀಯಾ?"

"ಬಾಕ್ಸ್ ನಿನ್ನ ಮನೇಲೇ ಐತಲ್ಲ," ಅಂದ್ಲು ಮೆತ್ತಗೆ. ಆ ಮೆತ್ತಗಿನ ಮಾತಿಗೇ ನಂಗೆ ಇನ್ನೂ ಸಿಟ್ಟು.

ನಾವಿಬ್ಬರೂ ಹಿಂಗೆ ಕಿತ್ತಾಡ್ತಿರಬೇಕಾದ್ರೆ ನಮ್ಮತ್ತೆ ಸೆರಗು ಸಿಕ್ಕಿಸ್ಕೊಂಡು ಒಳಗೆ ಬಂದ್ರು. "ಊರೋರ ಕಣ್ಣೆಲ್ಲಾ ಇವುಗಳ ಮೇಲೆ ಬಿದ್ದೈತೆ. ಅದಕ್ಕೇ ಹಿಂಗಾಗಿರೋದು. ನೀವಿಬ್ಬರು ಜಗಳ ಆಡಿ ಸಾಯ್ರಿ," ಅಂತ ಬೈದು, ಕೈಯಲ್ಲಿದ್ದ ಕಾಡಿಗೆ ಡಬ್ಬಿ ತೆಗೆದು, ಬೆರಳಿಗೆ ಹಚ್ಕೊಂಡು, ಮುಂದಿನ ಗಾಜಿನ ಮೇಲೆ ದೊಡ್ಡದೊಂದು ದೃಷ್ಟಿಬೊಟ್ಟು ಇಟ್ರು.

ಬೊಟ್ಟು ಇಟ್ಟ ಗಳಿಗೆಗೆ ಮೂಲೇಲಿದ್ದ ಗುಂಪಿಂದ ಒಂದಷ್ಟು ಮರಿ ಬಿಟ್ಕೊಂಡವು. ತೊಟ್ಟಿ ಉದ್ದಕ್ಕೂ ಈಜಿ ಬಂದು ಹೊಸ ಬೊಟ್ಟಿಗೆ ಮುಖ ಹಚ್ಚಿ ನಿಂತವು!

ನಾನು ಹುಮಾನ ಮುಖ ನೋಡಿದೆ, ಹುಮಾ ನನ್ನ ಮುಖ ನೋಡಿದ್ಲು. ಇಬ್ಬರೂ ಒಟ್ಟಿಗೇ ಗೋಡೆ ಮೂಲೆಗೆ ಬಗ್ಗಿದ್ವಿ. ಅಲ್ಲೂ ಬೊಟ್ಟು! ನಮ್ಮತ್ತೆ ದಿನಾ ಕೂರೋ ಜಾಗದ ಪಕ್ಕ, ಗಾಜಿನ ಹೊರಮೈಗೆ ದಿನಾ ಬೆಳಿಗ್ಗೆ ಒಂದರ ಮೇಲೊಂದು ಇಟ್ಟು ಇಟ್ಟು ದೊಡ್ಡ ರೂಪಾಯಿ ಅಗಲ ಆಗಿತ್ತು. ಮೊದಲನೇ ದಿನ ಅದನ್ನ ನಾನೇ ಕಣ್ಣಾರೆ ನೋಡಿದ್ದೆ ಕಣ್ರಿ! ಬಂದಾಗಿಂದ ಹುಮಾನೂ ಅದರ ಮುಂದೇನೇ ಮಂಡಿ ಊರಿದ್ಲು. ಕೂಸಿನ ಕೆನ್ನೆ ಮೇಲೆ, ಹೊಸ ಮನೆ ಗೋಡೆ ಮೇಲೆ, ಎಲ್ಲಾ ಕಡೆ ನೋಡಿ ನೋಡಿ ಅಭ್ಯಾಸ ಆದ ಬೊಟ್ಟು ಯಾರ ಕಣ್ಣಿಗೆ ಕಾಣುತ್ತೆ?

"ಯಾ ಅಲ್ಲಾ! ಕಪ್ಪು!" ಹುಮಾ ಹಣೆ ಚಚ್ಕೊಂಡ್ಲು. "ಮರಿ ಹುಡುಕೋದು ಕಪ್ಪು ಬಣ್ಣ ಭವ್ಯಾ! ಕಾಡಿನ ಡಿಸ್ಕಸ್‌ಗೆ ಮರಿ ಆದಾಗ ಮೈ ಕಪ್ಪಾಗುತ್ತೆ, ಮರಿ ಅದನ್ನ ನೋಡಿ ಹೋಗಿ ಅಂಟುತ್ತೆ. ನಮ್ಮವು ಬೆಳ್ಳಗೆ, ಹಳದಿ, ಎಲ್ಲಿ ಕಪ್ಪಾಗ್ಬೇಕು? ಮೀನು ಸಾಕೋರ ಗ್ರೂಪಲ್ಲಿ ಎಷ್ಟೊಂದು ಸಲ ಓದೀನಿ, ತಲೇಗೇ ಬರಲಿಲ್ಲ ನೋಡು! ಇವು ಕಾಡಿಗೆನೇ ಅಮ್ಮ ಅಂದ್ಕೊಂಡು ನಿಂತಾವೆ!"

ಆಮೇಲೆ ನಡೆದಿದ್ದು ಕೇಳ್ರಿ. ನಾನು ಕೊಬ್ಬರಿ ಎಣ್ಣೆ ಬಟ್ಟೆ ತಗೊಂಡು ಎರಡೂ ಬೊಟ್ಟು ಉಜ್ಜಿ ಉಜ್ಜಿ ಒರೆಸಿದೆ. ಹುಮಾ ಕುಂಡ ಹೊರಗೆ ತೆಗೆದ್ಲು, ಕಪ್ಪು ಸ್ಪಂಜಿನ ಫಿಲ್ಟರ್ ತೆಗೆದ್ಲು. "ಏನ್ರಿ! ನಿಮ್ಮ ಬಿಳಿ ಪಂಚೆ ಎಲ್ಲೈತ್ರಿ?" ಅಂತ ನಾನು ಕೂಗಿದ್ದಕ್ಕೆ ಚೌಡೇಶ್ ಮದುವೇಲಿ ಉಟ್ಟಿದ್ದ ರೇಷ್ಮೆ ಅಂಚಿನ ಪಂಚೆ ತಂದ್ರು. ಅಂಚು ಒಳಗೆ ಮಡಚಿ ತೊಟ್ಟಿ ಸುತ್ತ ಸುತ್ತಿದ್ವಿ. ನೀರು ಅರ್ಧಕ್ಕೆ ಇಳಿಸಿದ್ವಿ, ಅಪ್ಪ ಅಮ್ಮ ಮರಿಗೆ ಹತ್ತಿರ ಸಿಗಲಿ ಅಂತ. ಈಗ ತೊಟ್ಟಿಯೊಳಗೆ ಕಣ್ಣಿಗೆ ಬೀಳೋದು ಎರಡೇ, ಬಂಗಾರಿ ಮತ್ತೆ ನವಾಬ.

ಮರಿಗಳು ದಿಕ್ಕು ತಪ್ಪಿ ಸುತ್ತಿದವು. ನಾವು ನಾಲ್ಕು ಜನ ಉಸಿರು ಬಿಗಿ ಹಿಡಿದು ಮೇಲಿಂದ ನೋಡ್ತಾ ನಿಂತ್ವಿ. ಒಂದು ಮರಿ ಬಂಗಾರಿ ರೆಕ್ಕೆ ಹತ್ರ ಬಂತು. ದೂರ ಹೋಯ್ತು. ಮತ್ತೆ ಬಂತು. ಟಕ್ ಅಂತ ಅವಳ ಪಕ್ಕೆಗೆ ಬಾಯಿ ಹಾಕ್ತು! ಅದರ ಹಿಂದೆ ಇನ್ನೊಂದು, ಇನ್ನೊಂದು. ನೋಡ್ತಾ ನೋಡ್ತಾ ಎಲ್ಲಾ ಬಂದು ಮುತ್ಕೊಂಡವು! ಬಂಗಾರಿ ಮೈ ತುಂಬಾ ಮರಿ! ಅವಳು ಸುಸ್ತಾದಾಗ ಮೈ ಕೊಡವಿ ಸರಿದ್ಲು, ಅಷ್ಟೂ ಮರಿ ನವಾಬನ ಮೈಗೆ ಹಾರಿದ್ವು. ನಾನೂ ಹುಮಾನೂ ತಬ್ಕೊಂಡು ಕುಣಿದ್ವಿ ಕಣ್ರಿ, ಕುಣಿದ್ವಿ! ಬಾಣಂತಿ ಕೋಣೆ, ಮೆಲ್ಲಗೆ ಅನ್ನೋದೆಲ್ಲಾ ಗಾಳಿಗೆ ಹೋಯ್ತು. ಅಂಗಡೀಲಿ ಗಿರಾಕಿ ಕರೀತಿದ್ರು, ಕರೀಲಿ.

ನಮ್ಮತ್ತೆ ಮಾತ್ರ ಬೆರಳಿಗೆ ಮೆತ್ತಿದ ಕಾಡಿಗೆ ನೋಡ್ಕೊಂಡು ಮೂಲೇಲಿ ನಿಂತಿದ್ರು. "ನಾನೇನಾ ಕೂಸುಗಳನ್ನ ಉಪವಾಸ ಕೆಡವಿದ್ದು?" ಅಂದ್ರು. ಬೇರೆ ದಿನ ಆಗಿದ್ರೆ ನಾನು ಸುಮ್ನಿರ್ತಿರಲಿಲ್ಲ. ಅವತ್ತು ಆ ದನಿ ಕೇಳಿ, ಬೆರಳು ಒರೆಸ್ಕೊಳ್ಳೋಕೆ ಎಣ್ಣೆ ಬಟ್ಟೆ ಕೊಟ್ಟೆ. ಹುಮಾನೇ ಹೋಗಿ ಅವರ ಕೈ ಹಿಡ್ಕೊಂಡು, "ಅಜ್ಜಿ, ನಮ್ಮನೇಲಾಗಿದ್ರೆ ನಮ್ಮಮ್ಮಿನೂ ಇದನ್ನೇ ಮಾಡ್ತಿದ್ರು. ನಮ್ಮಲ್ಲೂ ನಜರ್ ಆಗುತ್ತೆ ಅಂತ ಇಡ್ತಾರೆ. ನೀವು ಈಗ ಬೊಟ್ಟು ಇಡದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ," ಅಂದ್ಲು. ಅವತ್ತು ಅವಳನ್ನ ಹರಿಹರಕ್ಕೆ ಹೋಗೋಕೆ ನಾನು ಬಿಡಲಿಲ್ಲ. ಉಂಡು ಇಲ್ಲೇ ಮಲಗಿದ್ಲು. ಮಲಗೋ ಮುಂಚೆ, "ಗೆದ್ದೆ ಬಿಡು. ಜೋಡಿ ನಿಂದು," ಅಂದ್ಲು. ನಂಗೆ ಇಡೀ ದಾವಣಗೆರೆ ನನ್ನ ಹೆಸರಿಗೆ ಬರೆದುಕೊಟ್ಟಂಗಾಯ್ತು.

ಬೆಳಗಾಗೆದ್ದು ನೋಡಿದ್ರೆ ಬೇರೇನೇ ಕತೆ. ಬಂಗಾರಿಗೆ ತಲೆ ಕೆಟ್ಟಿತ್ತು. ಮರಿಗಳು ನವಾಬನ ಮೈಮೇಲಿದ್ರೆ ನುಗ್ಗಿ ಅವನನ್ನ ಗುದ್ದೋಳು. ತನ್ನ ಹತ್ರ ಬಂದ ಮರಿಗೆ ತಿರುಗಿ ಬಾಯಿ ಹಾಕೋಳು. ನನ್ನ ಕಣ್ಣೆದುರೇ ಒಂದನ್ನ ನುಂಗಿದ್ಲು. "ಅಯ್ಯೋ ಪಾಪಿ! ಹೆತ್ತೋಳೇ ತಿನ್ನೋದೇನೇ!" ಅಂತ ಕೂಗಿದೆ. ಚೊಚ್ಚಲ ಮೀನು ಹಿಂಗೆ ಮಾಡೋದುಂಟು ಅಂದ್ಲು ಹುಮಾ. ನಮ್ಮತ್ತೆ, "ಸಾಕಿದೋರ ಸಿಟ್ಟೇ ಬಂದೈತೆ ಅವಳಿಗೆ," ಅಂದ್ರು. ಸುಳ್ಳೇನೂ ಅಲ್ಲ.

ಚೌಡೇಶ್ ಸೊಳ್ಳೆಪರದೆ ಕತ್ತರಿಸಿ ತೊಟ್ಟಿ ನಡುವೆ ಅಡ್ಡ ಕಟ್ಟಿದ್ರು, ಬಂಗಾರಿ ಒಂದು ಕಡೆ, ಉಳಿದೋರು ಇನ್ನೊಂದು ಕಡೆ. ಅವಳು ಪರದೆಗೆ ಮುಖ ಹೊಡ್ಕೊಂಡು ಹೊಡ್ಕೊಂಡು ಮೂತಿ ಕೆಂಪು ಮಾಡ್ಕೊಂಡ್ಲು. ಮರಿಗಳು ಅಂಚಿನ ಸಂದೀಲಿ ತೂರಿ ಅವಳ ಹತ್ರನೇ ಹೋಗೋವು, ಅವಳು ತಿನ್ನೋಳು. ಅವಳನ್ನ ಬಕೀಟಲ್ಲಿ ಇಡೋಣ ಅಂದ್ರೆ ಇರೋದೊಂದೇ ಹೀಟರ್, ಹೊರಗೆ ಆಷಾಢದ ಗಾಳಿ, ತಣ್ಣೀರಲ್ಲಿ ಡಿಸ್ಕಸ್ ಬದುಕಲ್ಲ. ಬಿಸಿ ಮಾಡಿದ ತೊಟ್ಟಿ, ಮೆತ್ತನೆ ನೀರು ತಯಾರಾಗಿರೋದು ಹರಿಹರದಲ್ಲಿ, ಹುಮಾನ ಮನೇಲಿ.

ಹುಮಾ ಅದನ್ನ ಬಾಯಿಬಿಟ್ಟು ಹೇಳಲಿಲ್ಲ. ನಾನು ಅವಳನ್ನ ನೋಡಿದಾಗ ತಲೆ ಅಲ್ಲಾಡಿಸಿ, "ಗೆದ್ದೋಳು ನೀನು. ನಿನ್ನ ಬಾಯಿಂದ ಬರ್ದೇ ನಾನು ಅವಳನ್ನ ಮುಟ್ಟಲ್ಲ," ಅಂದ್ಲು. ಅಷ್ಟು ಹೇಳೋದರೊಳಗೆ ಬಂಗಾರಿ ಮತ್ತೊಂದು ಮರಿ ನುಂಗಿದ್ಲು. ಎಂಥಾ ಸಂಕಟ ಅಂತೀರಿ! ಇವಳನ್ನ ಉಳಿಸ್ಕೊಳ್ಳೋಕೇ ಅಲ್ವಾ ಇಷ್ಟೆಲ್ಲಾ ಹೊಡೆದಾಡಿದ್ದು? ಮರಿ ಸತ್ತಿದ್ರೆ ಇವಳು ಹೋಗ್ತಿದ್ಲು. ಈಗ ಮರಿ ಉಳೀಬೇಕು ಅಂದ್ರೂ ಇವಳೇ ಹೋಗ್ಬೇಕು.

"ಕರ್ಕೊಂಡು ಹೋಗು," ಅಂದೆ.

ಬಲೆ ಬೇಕಾಗಲಿಲ್ಲ. ಮೊಣಕೈ ತನಕ ತೊಟ್ಟಿಗೆ ಕೈ ಇಳಿಸಿದೆ. ಪಾತ್ರೆ ಬಗ್ಗಿಸಿ ಹಿಡಿದೆ. ಇಡೀ ಬೆಳಿಗ್ಗೆ ಯಾರನ್ನೂ ಹತ್ರ ಸೇರಿಸದೋಳು ನನ್ನ ಕೈ ಹಿಂದೆ ತಾನಾಗೇ ಪಾತ್ರೆಯೊಳಗೆ ಬಂದು ನಿಂತ್ಲು. ನಾನು ಅಳು ತಡ್ಕೊಂಡು ಬಾಕ್ಸಿಗೆ ಬಿಟ್ಟು ಮುಚ್ಚಳ ಹಾಕಿದೆ.

"ಮಗಳು ಗಂಡನ ಮನೆಗೆ, ಅಳಿಯ ಮಕ್ಕಳನ್ನ ಕಟ್ಕೊಂಡು ಅತ್ತೆ ಮನೇಲಿ! ಇಂಥಾ ಬಾಣಂತನ ನಾನು ಎಲ್ಲೂ ನೋಡಿರಲಿಲ್ಲವ್ವಾ," ಅಂದ್ರು ನಮ್ಮತ್ತೆ. ಹುಮಾಗೆ ನಗು ಬಂತು, ನಂಗೂ ಬಂತು, ಇಬ್ಬರೂ ನಕ್ಕು ಅತ್ವಿ. ಅವಳು ತೊಟ್ಟಿ ಹತ್ರ ಹೋಗಿ ನವಾಬನಿಗೆ ಉರ್ದುವಲ್ಲಿ ಏನೋ ಹೇಳಿದ್ಲು. ಅವಳೂ ತನ್ನ ಹುಡುಗನ್ನ ಬಿಟ್ಟು ಹೋಗ್ಬೇಕಲ್ಲ ಅನ್ನೋದು ನಂಗೆ ಆಗ ತಟ್ಟಿತು. ಬಸ್ ಸ್ಟ್ಯಾಂಡ್ ತನಕ ಹೋಗಿ ಹತ್ತಿಸಿದೆ. ಕಂಡಕ್ಟರ್ ಬಾಕ್ಸ್ ಮೇಲಿಡ್ರಿ ಅಂದ್ರೆ ಹುಮಾ ಕೇಳಲಿಲ್ಲ, ತೊಡೆ ಮೇಲೇ ಇಟ್ಕೊಂಡು ಕೂತ್ಲು.

ಮನೆಗೆ ಬಂದು ನೋಡಿದ್ರೆ ನವಾಬ ಒಬ್ಬನೇ ಅಷ್ಟೂ ಮರಿ ಹೊತ್ಕೊಂಡು ರಾಜನಂಗೆ ಓಡಾಡ್ತಿದ್ದ. ಮರಿಗಳ ಹೊಟ್ಟೆ ದುಂಡಗಾಗಿತ್ತು! ಖುಷಿ ತಡೀಲಾರದೆ ವಿಡಿಯೋ ಮಾಡಿ ಹುಮಾಗೆ ಕಳಿಸಿದೆ. ಸಂಜೆ ಅವಳೇ ವಿಡಿಯೋ ಕಾಲ್ ಮಾಡಿದ್ಲು. ಬಂಗಾರಿ ಹರಿಹರದ ತೊಟ್ಟಿ ಮೂಲೇಲಿ, ಗೋಡೆ ಕಡೆ ಮುಖ ಮಾಡಿ ನಿಂತಿದ್ಲು.

"ಏನ್ ಹಾಕಿದ್ರೂ ಮೂಸಲ್ಲ ಕಣೇ," ಅಂದ್ಲು ಹುಮಾ. "ಮದುವೆಯಾಗಿ ಬಂದ ಹೊಸದ್ರಲ್ಲೂ ಹಿಂಗೇ ಮಾಡಿದ್ಲು. ದಿನಗಟ್ಟಲೆ ಉಪವಾಸ."

"ಆಗ ಹೆಂಗೆ ತಿಂದ್ಲು? ನಂಗೆ ಹೇಳೇ ಇಲ್ಲ ನೀನು!"

ಹುಮಾ ಕ್ಯಾಮೆರಾ ತನ್ನ ಕಡೆ ತಿರುಗಿಸ್ಕೊಂಡ್ಲು. "ನಗಬ್ಯಾಡ. ನೀನು ನಂಗೆ ಬೈದು ವಾಯ್ಸ್ ಮೆಸೇಜ್ ಕಳಿಸ್ತಿದ್ದೆಯಲ್ಲ, ನೀರು ಬದಲಾಯಿಸಿದ್ಯಾ, ಹೊತ್ತಿಗೆ ಊಟ ಹಾಕಿದ್ಯಾ ಅಂತ? ಒಂದಿನ ತೊಟ್ಟಿ ಮುಂದೆ ಕೂತು ಕೇಳ್ತಿದ್ದೆ. ನಿನ್ನ ದನಿ ಕೇಳಿ ಮೂಲೆ ಬಿಟ್ಟು ಓಡಿಬಂದ್ಲು. ಅವತ್ತಿಂದ ಊಟದ ಹೊತ್ತಿಗೆ ದಿನಾ ನಿನ್ನ ಬೈಗುಳ ಹಾಕ್ತೀನಿ. ಒಂದನ್ನೂ ಅಳಿಸಿಲ್ಲ ನಾನು."

ಅಷ್ಟು ತಿಂಗಳು ಬಂಗಾರಿ ನನ್ನ ದನಿ ಕೇಳಿ ಉಣ್ತಿದ್ಲು ಅಂತ ನಂಗೆ ಗೊತ್ತೇ ಇರಲಿಲ್ಲ.

"ಇವತ್ತು ಹಳೇ ಮೆಸೇಜಿಗೆ ಅಲ್ಲಾಡ್ತಿಲ್ಲ. ಫೋನ್ ಗಾಜಿಗೆ ಹಿಡೀತೀನಿ. ನೀನೇ ಬೈ," ಅಂದ್ಲು.

ಫೋನ್ ಬಾಯಿ ಹತ್ರ ಹಿಡಿದೆ. "ಲೇ ಬಂಗಾರಿ! ಗೋಡೆ ಕಡೆ ಮುಖ ಮಾಡ್ಕೊಂಡು ಯಾರ ಮೇಲೇ ನಿನ್ನ ಸಿಟ್ಟು? ಮಕ್ಕಳು ಚೆನ್ನಾಗಿ ಅದಾವೆ, ನಿನ್ನ ಗಂಡ ನೋಡ್ಕೊಳ್ತಾ ಅದಾನೆ. ನೀನು ಉಪವಾಸ ಬಿದ್ರೆ ನಾನು ಅಲ್ಲಿಗೇ ಬಂದು ನಾಲ್ಕು ಬಿಗೀತೀನಿ! ತಿಂತೀಯೋ ಇಲ್ಲವೋ? ಹಟಮಾರಿ! ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದೀಯಾ..."

"ತಿರುಗಿದ್ಲು!" ಹುಮಾ ಪಿಸುಗುಟ್ಟಿದ್ಲು. "ಬಂದ್ಲು, ಗಾಜಿನ ಹತ್ರ ಬಂದ್ಲು ಕಣೇ! ಹುಳ ಹಿಡಿದ್ಲು! ಭವ್ಯಾ, ನಿಲ್ಲಿಸಬ್ಯಾಡ, ಬೈತಾ ಇರು."

ಕಣ್ಣೀರು ಸುರೀತಾನೇ ಇತ್ತು, ನಾನು ಬೈತಾನೇ ಇದ್ದೆ.